ಹೋಸ್ಟ್ ಹಯವದನರಾಯರ ತೊಟ್ಟಿಲ ಮೀಟಿಂಗು

"ನಾಳೆ ಒಬ್ಬರೂ ಕೆಮ್ಮಕೂಡದು! ಕೆಮ್ಮಿದರೂ ನನ್ನ ಪರವಾನಗಿ ತಗೊಂಡೇ ಕೆಮ್ಮಬೇಕು!"

ಹೀಗೆ ರಾಜಾಜ್ಞೆ ಹೊರಡಿಸಿದವರು ಪ್ರೊಫೆಸರ್ ಹಯವದನರಾಯರು. ಧಾರವಾಡದಿಂದ ಕಾಶಿಗೆ ಬಂದು, ಪಾಠ ಹೇಳುತ್ತ, ಭೇಲೂಪುರದ ಬಾಡಿಗೆ ಫ್ಲ್ಯಾಟಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಮರುದಿನ ಮಗಳು ಗ್ರೀಷ್ಮಾಳ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಊರ ಕಡೆಯ ಬಂಧುಬಳಗವೆಲ್ಲ ವೀಡಿಯೋ ಮೀಟಿಂಗಿನಲ್ಲೇ ಸೇರುವುದು. ಹಿಂದೆ ಸೀಮಂತದ ಮೀಟಿಂಗಿನಲ್ಲಿ ಒಬ್ಬರ ಕುಕ್ಕರ್ ಸೀಟಿ, ಇನ್ನೊಬ್ಬರ ತರಕಾರಿ ಚೌಕಾಸಿ, ಮತ್ತೊಬ್ಬರ ಗೊರಕೆ ಸೇರಿ ಆರತಿ ಹಾಡೇ ಮುಳುಗಿಹೋಗಿತ್ತು. ರಾಯರು ಅದನ್ನು ಮರೆತಿರಲಿಲ್ಲ.

"ಡಿಪಾರ್ಟ್‌ಮೆಂಟಿನ ಮೀಟಿಂಗ್ ನಡಸಾಂವ ನಾನು. ಈ ಬೀಗರು ನಂಟರು ಯಾವ ಲೆಕ್ಕ?"

"ನಂಟರಿಗೆ ನೀವು ಪಗಾರ ಕೊಡ್ತೀರೇನ್ರೀ? ಅವರ‍್ಯಾಕ ನಿಮ್ಮ ಮಾತು ಕೇಳ್ಯಾರು?" ಎಂದಳು ಹೆಂಡತಿ ಕಾಮಾಕ್ಷಿ.

"ಕೇಳದಿದ್ರೂ ನಡೀತದ. ಎಲ್ಲಾರ ಮೈಕೂ ನನ್ನ ಕೈಯಾಗ ಇರ‍್ತದ!"

ಪಾಪ, ರಾಯರ ಉದ್ದೇಶ ಒಳ್ಳೆಯದೇ. ಆ ಮನೆತನದ ಕೂಸುಗಳೆಲ್ಲ, ರಾಯರೂ ಸೇರಿದಂತೆ, ಅವರ ಸೋದರತ್ತೆ ತುಂಗಾಬಾಯಿಯ ಜೋಗುಳ ಕೇಳಿಯೇ ತೊಟ್ಟಿಲು ಏರಿದ್ದವು. ಐದು ನುಡಿಯ ಆ ಹಾಡು ಬೇರೆ ಯಾರಿಗೂ ಬಾರದು. "ದನಿ ಹೋಗೂದರೊಳಗ ಇದೊಂದು ಕೂಸಿಗೆ ಹಾಡಿಬಿಡ್ತೀನೋ" ಎಂದು ಮುದುಕಿ ಧಾರವಾಡದಲ್ಲಿ ಕೂತು, ಜ್ಯೇಷ್ಠಮಧು ಅಗಿಯುತ್ತ ಗಂಟಲು ಹದ ಮಾಡಿಕೊಳ್ಳುತ್ತಿದ್ದಳು. ಆ ದನಿ ಕೂಸಿನ ಕಿವಿಗೆ ಚೊಕ್ಕಟವಾಗಿ ಬೀಳಲಿ ಎಂಬುದೇ ರಾಯರ ಆಸೆಯಾಗಿತ್ತು.

ಮರುದಿನ ಲ್ಯಾಪ್‌ಟಾಪಿಗೆ ಜೋಡಿಸಿದ ಟೀವಿ ತುಂಬ ನಂಟರ ಮುಖಗಳು. ರಾಯರು ಲ್ಯಾಪ್‌ಟಾಪಿನ ಮುಂದೆ ಸಿಂಹಾಸನವೇರಿ ಎಲ್ಲರನ್ನೂ ಮ್ಯೂಟ್ ಮಾಡಿದರು. ತಮ್ಮಷ್ಟಕ್ಕೆ ತಾವು ಅನ್‌ಮ್ಯೂಟ್ ಆಗುವ ಹಕ್ಕನ್ನೂ ಕಿತ್ತುಕೊಂಡರು. ಚಾಟ್ ಬಂದ್! ಇನ್ನು ಹೊತ್ತು ಬಂದಾಗ ಅತ್ತೆಯ ಮೈಕೊಂದನ್ನು ತೆರೆದರೆ ಮುಗಿಯಿತು.

ಅಷ್ಟರಲ್ಲಿ ಕಾಮಾಕ್ಷಿ ಕರೆದಳು. "ಕೂಸನ್ನ ಅಜ್ಜನೇ ತೊಟ್ಟಿಲಕ್ಕ ಹಾಕಬೇಕು. ಏಳ್ರಿ!"

ಕೈಯಲ್ಲಿ ಕೂಸಿದ್ದರೆ ಮೈಕು ತೆರೆಯುವವರು ಯಾರು? ಕಾಮಾಕ್ಷಿಯ ತಮ್ಮ ವಿನಾಯಕ ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಆಟೋದಲ್ಲಿ ಬರುತ್ತ, ಮೊಬೈಲಿನಲ್ಲೇ ಮೀಟಿಂಗಿಗೆ ಸೇರಿದ್ದ. ಖಾಲಿ ಕೂತವನು ಅವನೊಬ್ಬನೇ. ರಾಯರು ಅವನ ಮೈಕು ತೆರೆದರು.

"ವಿನಾಯಕ, ಈಗ ನೀನೇ ಹೋಸ್ಟ್. ಅತ್ಯಾನ ಮೈಕು ತೆಗಿ, ಅಷ್ಟ!"

"ಆತು ಭಾವಾ!"

ರಾಯರು ಪಟ್ಟ ಬಿಟ್ಟುಕೊಟ್ಟರು. ಶಿಸ್ತೆಂದರೆ ಶಿಸ್ತು ಎಂದು ತಮ್ಮನ್ನೂ ಮ್ಯೂಟ್ ಮಾಡಿಕೊಂಡು ಕೂಸನ್ನೆತ್ತಿದರು. ಅದೇ ಕ್ಷಣಕ್ಕೆ ಆಟೋ ನಿಂತಿತು, ಅತ್ತೆಯ ಮೈಕು ಮರೆತು ವಿನಾಯಕ ಫೋನನ್ನು ಜೇಬಿಗೆ ಇಳಿಸಿದ.

ಟೀವಿಯಲ್ಲಿ ತುಂಗಾಬಾಯಿ ಕೈಮುಗಿದಳು, ಬಾಯಿ ತೆರೆದಳು. ಟೀವಿಯಿಂದ ಹೊರಟದ್ದು ಮಾತ್ರ ಬೇರೆಯೇ ದನಿ!

"ಅರೇ ಭಯ್ಯಾ, ಗಲೀ ತಕ್ ಛೋಡೇಂಗೇ ಬೋಲೇ ಥೇ ನಾ!"

"ಆಗೇ ಜಾಮ್ ಬಾ ಬಾಬೂ, ಗಾಡೀ ನಾ ಜಾಈ!"

ಗಲ್ಲಿಯವರೆಗೆ ಬಿಡು ಎಂದು ವಿನಾಯಕ, ಗಾಡಿ ಮುಂದಕ್ಕೆ ಹೋಗದು ಎಂದು ಆಟೋದವನು. ಹೋಸ್ಟ್ ಜೇಬಿನೊಳಗೆ ಕೂತು ಆಳುತ್ತಿದ್ದ!

"ಅತ್ಯಾನ ದನಿ ಕೇಳವಲ್ದು! ಏನರ ಮಾಡ್ರೀ!" ಕಾಮಾಕ್ಷಿ ಕಿರುಚಿದಳು.

ರಾಯರು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಲ್ಯಾಪ್‌ಟಾಪಿಗೆ ಹಾರಿದರು. ಬಾಯಿ ಬಿಡಲು ಹೋಸ್ಟಿನ ಅಪ್ಪಣೆ ಬೇಕು. ಬರೆದು ತಿಳಿಸೋಣವೆಂದರೆ ಚಾಟ್ ಇಲ್ಲ. ಅವರು ಮಾಡಿದ ಕಾಯಿದೆ ಅವರನ್ನೇ ಕಟ್ಟಿಹಾಕಿತ್ತು. ವಿನಾಯಕನಿಗೆ ಫೋನ್ ಹಚ್ಚಿದರು. ಜಗಳದ ಭರದಲ್ಲಿ ಅವನು ಎತ್ತಲಿಲ್ಲ. ಕ್ಯಾಮೆರಾದ ಮುಂದೆ ಎರಡೂ ಕೈ ಬೀಸಿದರು. ಊರಿನ ನಂಟರೂ ಕೈ ಬೀಸಿದರು! ತುಂಗಾಬಾಯಿ ಕೈಯಾಡಿಸುತ್ತ, ಕತ್ತು ಕೊಂಕಿಸುತ್ತ, ಐದೂ ನುಡಿ ಮುಗಿಸಿ ಕಣ್ಣೊರೆಸಿಕೊಂಡಳು. ಆಟೋದ ಜಗಳ ಕೇಳುತ್ತ ಕೂಸು ಹಾಯಾಗಿ ನಿದ್ದೆಹೋಗಿತ್ತು.

ಆಗ ಬಂದ ವಿನಾಯಕ, ಎರಡೂ ಕೈಯಲ್ಲಿ ಮಿಠಾಯಿ ಡಬ್ಬಿ ಹಿಡಿದು. ರಾಯರು ಅವನ ಜೇಬಿಗೆ ಕೈಹಾಕಿ ಫೋನು ಕಿತ್ತು, ಗಡಿಬಿಡಿಯಲ್ಲಿ ಏನೋ ಒತ್ತಿದರು. ಎಲ್ಲರ ಮೀಟಿಂಗೂ ಮುಗಿಯಿತು! ಟೀವಿ ಕಪ್ಪಾಯಿತು.

ರಾಯರು ತೊಟ್ಟಿಲ ಪಕ್ಕದಲ್ಲೇ ಕುಸಿದು ಕೂತರು. ಅವರಿಗೆ ಅಳು ಬಂತು. ಆ ಹಾಡನ್ನು ಹಾಳುಮಾಡಲು ಕುಕ್ಕರು, ಗೊರಕೆ ಯಾವುದೂ ಬೇಕಾಗಲಿಲ್ಲ, ತಾವೊಬ್ಬರೇ ಸಾಕಾಗಿದ್ದರು!

"ಖರೇ ಹೇಳಿ ತಪ್ಪಾತು ಅನ್ರಿ. ಇನ್ನೊಮ್ಮೆ ಹಾಡ್ರಿ ಅಂತ ಕೇಳ್ರಿ," ಎಂದಳು ಕಾಮಾಕ್ಷಿ.

ಫೋನೇನೋ ಹಚ್ಚಿದರು. ಆದರೆ ಅತ್ತೆಯ ದಣಿದ ದನಿ ಕೇಳುತ್ತಲೇ ರಾಯರ ಧೈರ್ಯ ಕೈಕೊಟ್ಟಿತು. ಅಷ್ಟು ಕಷ್ಟಪಟ್ಟು ಹಾಡಿದವಳಿಗೆ ಯಾರಿಗೂ ಕೇಳಲಿಲ್ಲ ಎಂದು ಯಾವ ಬಾಯಿಂದ ಹೇಳುವುದು?

"ಅತ್ಯಾ, ಹಾಡು ಭಾಳ ಛಲೋ ಆತು! ಒಂದೊಂದು ನುಡಿನೂ ಎದಿಗೆ ಹತ್ತಿತು ನೋಡ್ರಿ!"

ಆಚೆ ಕಡೆ ಅತ್ತೆ ಬಾಯಲ್ಲಿದ್ದ ಜ್ಯೇಷ್ಠಮಧು ಉಗಿದ ಸದ್ದು ಕೇಳಿತು.

"ಹಯಾ, ಮೊದಲನೇ ನುಡಿ ಮುಗಿಯೂದರಾಗ ಮೈಕಿನ ಮ್ಯಾಲೆ ಕೆಂಪು ಗೆರಿ ಕಾಣ್ತು. ಕೂಸಿಗೆ ಒಂದು ಸಾಲೂ ಮುಟ್ಟಲಿಲ್ಲಲ್ಲೋ ಅಂತ ಕಣ್ಣಾಗ ನೀರು ಬಂತು. ಹಾಡು ಅಲ್ಲಿಗೇ ಬಿಟ್ಟೆ. ಮುಂದಿನ ನಾಲ್ಕು ನುಡಿ, ಅದೇ ಧಾಟಿಯೊಳಗ, ನಿನಗ ಬೈದದ್ದು. ಎದಿಗೆ ಹತ್ತಿತು ಅಂದಿಯಲ್ಲ, ಅಷ್ಟು ಸಾಕು ಬಿಡಪಾ!"