ಕೆಂಪಮ್ಮ ಎಣಿಸಿದ ಹಲ್ಲುಗಳು

ನನಗೆ ದನ ಕಂಡರೆ ಭಯ. ಮಂಡ್ಯದ ಒಕ್ಕಲು ಮನೆಯಲ್ಲಿ ಹುಟ್ಟಿದವನು ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹಾಗಾಗಿ ಕತೆ ಬರೆಯುತ್ತೇನೆ. ಬೀದಿಯಲ್ಲಿ ಎಮ್ಮೆ ಎದುರಾದರೆ ಔಷಧಿ ಅಂಗಡಿಗೆ ನುಗ್ಗಿ ಬೇಡದ ಮಾತ್ರೆ ಕೇಳುವ ನಾನು, ಕತೆಯಲ್ಲಿ ಮಳವಳ್ಳಿಯ ಕೆಂಪಮ್ಮನಾಗುತ್ತೇನೆ. ಆಕೆಗೆ ಎಪ್ಪತ್ತು ವರ್ಷ. ಎಲೆಅಡಿಕೆ ಅಗಿಯುತ್ತ, ಎಂಥ ಹೋರಿಯ ಬಾಯಿಗೂ ಕೈ ಹಾಕಿ, ಹಲ್ಲೆಣಿಸಿ ವಯಸ್ಸು ಹೇಳುತ್ತಾಳೆ. ನಾನೋ, ಸಾಹೇಬರ ಕರೆಗಂಟೆ ಕೇಳಿದರೂ ಬೆವರುವ ಗುಮಾಸ್ತ. ನಮಗಿಂತ ತೀರಾ ಬೇರೆಯವರನ್ನು ಬರೆಯುವುದರಲ್ಲಿ ಇದೇ ಸುಖ; ಹೋರಿ ತಿವಿದರೆ ಅವರನ್ನು ತಿವಿಯುತ್ತದೆ, ನಮ್ಮನ್ನಲ್ಲ ಎಂದುಕೊಂಡಿದ್ದೆ.

ಕತೆ ಪತ್ರಿಕೆಯಲ್ಲಿ ಬಂದ ಮರುವಾರ ಬೆಸಗರಹಳ್ಳಿಯಿಂದ ಹೆಂಡತಿಯ ಸೋದರಮಾವ ನಿಂಗೇಗೌಡರು ಬಂದರು. ಒಬ್ಬರೇ ಅಲ್ಲ. ದನದ ಆಸ್ಪತ್ರೆಗೆಂದು ಟೆಂಪೋದಲ್ಲಿ ತಂದಿದ್ದ ಹೋರಿಯನ್ನು ಇಳಿಸಿ ನಮ್ಮ ಗೇಟಿಗೇ ಕಟ್ಟಿದ್ದರು. ಅದು ನನ್ನನ್ನು ನೋಡಿ ಬುಸುಗುಟ್ಟಿತು.

“ಅಳಿಮಯ್ಯ, ಕತೆ ಓದ್ದೆ. ನಿಮ್ ಕೆಂಪಮ್ಮ ಓರಿಗೆ ಮೇಲಿನ ಸಾಲಲ್ಲಿ ಎಂಟು ಅಲ್ಲು ಎಣ್ಸವ್ಳೆ. ಅರವತ್ತು ವರ್ಸದಿಂದ ದನ ಸಾಕಿವ್ನಿ, ನಂಗೊಂದೂ ಸಿಕ್ಕಿಲ್ಲ. ವಸಿ ತೋರ್ಸಿ ಬನ್ನಿ.”

ನೋಡದೆ ಬರೆದೆ ಎಂದು ಒಪ್ಪಿಕೊಂಡರೆ ಹೆಂಡತಿಯ ತವರಿನಲ್ಲಿ ಕತೆಗಾರ ಅಳಿಯನೆಂಬ ಮರ್ಯಾದೆ ಹೋಗುತ್ತದೆ. ಒಪ್ಪದಿದ್ದರೆ ಬರೆಯುವ ಕೈಯೇ ಹೋಗುತ್ತದೆ. “ಕತೆ ಅಂದಮೇಲೆ ಸ್ವಲ್ಪ ಕಲ್ಪನೆ...” ಎನ್ನುತ್ತ ಎರಡು ಹೆಜ್ಜೆ ಹಿಂದೆ ಸರಿದೆ. ಕೆಂಪಮ್ಮನನ್ನು ನೆನೆದೆ. ಅಷ್ಟು ಹೊತ್ತಿಗೆ ಅವಳೂ ಪತ್ತೆಯಿಲ್ಲ. ಹೆಂಡತಿಯಾದರೂ ಬಿಡಿಸಿಯಾಳು ಎಂದು ತಿರುಗಿದರೆ, ಅವಳು ಕಿಟಕಿಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು.

ಮಾವ ಒಂದು ಕೈಯಲ್ಲಿ ಮೂಗುದಾರ, ಇನ್ನೊಂದರಲ್ಲಿ ನನ್ನ ಮಣಿಕಟ್ಟು ಹಿಡಿದು, ನನ್ನ ಬೆರಳುಗಳನ್ನು ಹೋರಿಯ ಬಾಯಿಗೆ ತುರುಕಿಯೇಬಿಟ್ಟರು. ಕಣ್ಣು ಮುಚ್ಚಿ ಮುತ್ತತ್ತಿ ಆಂಜನೇಯನಿಗೆ ಹರಕೆ ಹೊತ್ತೆ. ಬಿಸಿ ಜೊಲ್ಲು ತಗುಲಿತು. ಆಮೇಲೆ ಬರೀ ವಸಡು.

“ಎದರ್ಬ್ಯಾಡಿ,” ಎಂದರು ಮಾವ. “ದನಕ್ಕೆ ಮೇಲ್ಗಡೆ ಮುಂದಿನ ಅಲ್ಲೇ ಇರಕಿಲ್ಲ. ಎಣ್ಸಾದೆಲ್ಲಾ ಕೆಳಗಡೆ.”

ಬುದ್ಧಿ ಬಂತು. ಬೇರೆಯವರ ಸಹವಾಸವೇ ಬೇಡ, ನನ್ನನ್ನೇ ಬರೆದುಕೊಳ್ಳುತ್ತೇನೆ ಎಂದು ಒಬ್ಬ ಪುಕ್ಕಲು ಗುಮಾಸ್ತನ ಕತೆ ಬರೆದೆ. ಹೋರಿ, ಮಾವ, ಗೇಟು ಎಲ್ಲ ಇದ್ದದ್ದು ಇದ್ದ ಹಾಗೆ. ಕೊನೆಯಲ್ಲಿ ಗುಮಾಸ್ತ ನಡುಗುತ್ತಲೇ ಹೋರಿಯ ಬಾಯಿಗೆ ಕೈ ಹಾಕುತ್ತಾನೆ. ಈ ಸಲ ಅಚ್ಚಿಗೆ ಕಳಿಸುವ ಮೊದಲೇ ಹೆಂಡತಿಗೆ ಕೊಟ್ಟೆ. ಅವಳು ಪೂರ್ತಿ ಓದಿ ಕನ್ನಡಕ ತೆಗೆದಳು.

“ರೀ, ಇದ್ರಲ್ಲೂ ಒಂದ್ ತಪ್ಪು ಅದೆ. ಅವ್ನು ತಾನಾಗೇ ಕೈ ಆಕ್ದ ಅಂತ ಬರ್ದಿದ್ದೀರಲ್ಲ, ಯಾರ್ರೀ ಅವ್ನು?”