ಸೈರನ್ನಪ್ಪನ ಭುಜ

ಮಗ ರಜೆಗೆ ಬರುತ್ತಾನೆಂದು ಭಾನುವಾರ ಸಂಜೆ ಅಟ್ಟದ ಮೇಲಿಂದ ಕಬ್ಬಿಣದ ಮಂಚ ಇಳಿಸಲು ಹೋದದ್ದೇ ಸೈರನ್ನಪ್ಪ ಮಾಡಿದ ತಪ್ಪು. ಪಕ್ಕದ ಮನೆಯವರನ್ನು ಕರೆಯಿರಿ ಎಂದು ಹೆಂಡತಿ ಹೇಳಿದ್ದಳು. ಕರೆದರೆ ಅವರು ಮಂಚ ಇಳಿಸಿ ಸುಮ್ಮನೆ ಹೋಗುವುದಿಲ್ಲ, ಅದನ್ನು ಯಾವ ದಿಕ್ಕಿಗೆ ಹಾಕಬೇಕೆಂದು ಕೂತು ಬುದ್ಧಿ ಹೇಳುತ್ತಾರೆ ಎಂದು ಅವನು ಒಬ್ಬನೇ ಏಣಿ ಹತ್ತಿದ. ಮಂಚ ಕೆಳಗೆ ಬಂತು. ಅದರ ಹಿಂದೆಯೇ ಬಲಭುಜವೂ ಕಳಚಿ ಬಂದ ಹಾಗಾಯಿತು. ಹೆಂಡತಿ ಎಣ್ಣೆ ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು; ಬೆಳಗಾದರೂ ಕೈ ಕಿವಿಯ ಮಟ್ಟಕ್ಕೆ ಏಳಲಿಲ್ಲ.

ಸೈರನ್ನಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಊರಿಟ್ಟದ್ದು. ಪುರಸಭೆಯ ತಾರಸಿಯ ಮೇಲೆ, ಹಿಂದೆಂದೋ ಯುದ್ಧದ ಕಾಲದಲ್ಲಿ ತಂದು ಕೂರಿಸಿದ ಒಂದು ಸೈರನ್ ಇತ್ತು. ಕರೆಂಟಿನದಲ್ಲ, ಕೈಯಿಂದ ಹಿಡಿಕೆ ತಿರುಗಿಸುವಂಥದ್ದು. ಪ್ರತಿ ಸೋಮವಾರ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಅದನ್ನು ಕೂಗಿಸಿ, ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಅವನ ಕೆಲಸ. ಒಂದೇ ಮಟ್ಟದಲ್ಲಿ ಉದ್ದಕ್ಕೆ ಕೂಗಿದರೆ ಪರೀಕ್ಷೆ, ಹೆದರಬೇಕಿಲ್ಲ. ಏರಿ ಇಳಿದು, ಏರಿ ಇಳಿದು ಕೂಗಿದರೆ ಅಪಾಯ, ಶತ್ರುವಿನ ವಿಮಾನ ಬರುತ್ತಿದೆ, ಅಡಗಿಕೊಳ್ಳಿ. ಈಗ ನಿವೃತ್ತರಾಗಿರುವ ಡ್ರಿಲ್ ಮೇಷ್ಟ್ರು ಇದನ್ನು ಮೂರು ತಲೆಮಾರಿಗೆ ಬೆತ್ತ ಹಿಡಿದು ಕಲಿಸಿದ್ದರು. ಆ ಊರಲ್ಲಿ ಮಗ್ಗಿ ಮರೆತವರಿದ್ದರು, ಇದನ್ನು ಮರೆತವರು ಇರಲಿಲ್ಲ.

ಆ ಸೋಮವಾರವೇ ಮತದಾನವೂ ಬಿದ್ದಿತ್ತು. ಕಣದಲ್ಲಿದ್ದದ್ದು ಎರಡೇ ಪಕ್ಷ. ಗುರಾಣಿ ಗುರುತಿನವರು ಶತ್ರು ಬಾಗಿಲಲ್ಲೇ ನಿಂತಿದ್ದಾನೆ ಎನ್ನುತ್ತಿದ್ದರು. ಸೇತುವೆ ಗುರುತಿನವರು ನೆರೆದೇಶದ ಜೊತೆ ಮಾತಾಡುತ್ತೇವೆ, ಆಸ್ಪತ್ರೆಗೆ ಡಾಕ್ಟರನ್ನು ತರುತ್ತೇವೆ ಎನ್ನುತ್ತಿದ್ದರು. ವರ್ಷಗಟ್ಟಲೆ ಕಾದರೂ ಬಾಗಿಲಿಗೆ ಶತ್ರು ಬಂದಿರಲಿಲ್ಲ, ಆಸ್ಪತ್ರೆಗೆ ಡಾಕ್ಟರೂ ಬಂದಿರಲಿಲ್ಲ. ಶತ್ರು ಬಾರದಿದ್ದರೂ ನಡೆಯುತ್ತದೆ, ಡಾಕ್ಟರು ಬಾರದೆ ನಡೆಯುವುದಿಲ್ಲ ಎಂದು ಈ ಸಲ ಊರು ಸೇತುವೆಯ ಕಡೆ ವಾಲಿತ್ತು.

ಸೈರನ್ನಪ್ಪನ ಮನೆಯ ಲೆಕ್ಕಾಚಾರ ಬೇರೆ. ಅವರ ಒಬ್ಬನೇ ಮಗ ಗಡಿಯಲ್ಲಿ ಸಿಪಾಯಿ. ಎರಡು ಸಲ ಮುಂದೂಡಿದ ರಜೆ ಈಗ ಸಿಕ್ಕಿತ್ತು. ಬುಧವಾರ ಮನೆಗೆ ಬರುವವನಿದ್ದ.

"ಮಾತಾಡ್ತೀವಿ ಅನ್ನೋರಿಗೇ ಹಾಕೋಣ ರೀ," ಅಂದಿದ್ದಳು ಹೆಂಡತಿ. "ಬಾಯಿ ಆಡ್ತಾ ಇರೋವಷ್ಟು ಹೊತ್ತು ಬಂದೂಕು ಆಡಲ್ಲ."

ಸೈರನ್ನಪ್ಪನಿಗೂ ಬೇಕಾದದ್ದು ಅಷ್ಟೇ. ಮಗ ಜೀವಂತ ಬರಬೇಕು, ಬರುತ್ತಿರಬೇಕು. ಸಂಜೆ ಇಬ್ಬರೂ ಒಟ್ಟಿಗೆ ಹೋಗಿ ಸೇತುವೆಗೆ ಒತ್ತುವುದೆಂದು ತೀರ್ಮಾನವಾಗಿತ್ತು.

ಬೆಳಿಗ್ಗೆ ಅವನು ಪುರಸಭೆಯ ಹೆಡ್ ಕ್ಲಾರ್ಕಿನ ಮುಂದೆ ಭುಜ ಹಿಡಿದುಕೊಂಡು ನಿಂತ.

"ಸಾರ್, ಇವತ್ತೊಂದಿನ ಸೈರನ್ ಬಿಡೋಣ. ಕೈ ಏಳ್ತಾ ಇಲ್ಲ."

"ಬಿಡೋಕೆ ಆದೇಶ ಬಂದಿಲ್ಲವಲ್ಲಪ್ಪ."

"ಎದುರಿಗಿನ ಸ್ಕೂಲಲ್ಲೇ ಮತದಾನ ನಡೀತಿದೆ, ಜನಕ್ಕೂ ತೊಂದರೆ..."

"ತೊಂದರೆ ಕೊಡಬೇಡಿ ಅಂತಲೂ ಆದೇಶ ಬಂದಿಲ್ಲ."

"ಹಾಗಾದ್ರೆ ಬೇರೆ ಯಾರಾದ್ರೂ ತಿರುಗಿಸ್ಲಿ ಸಾರ್."

"ಎಲ್ಲಾ ಚುನಾವಣೆ ಡ್ಯೂಟಿಗೆ ಹೋಗಿದ್ದಾರೆ. ಉಳಿದಿರೋನು ನಾನು. ನಾನು ತಿರುಗಿಸ್ಲಾ?" ಎಂದು ಹೆಡ್ ಕ್ಲಾರ್ಕ್ ಕನ್ನಡಕದ ಮೇಲಿಂದ ನೋಡಿದರು. ಆ ನೋಟಕ್ಕೆ ಹೌದು ಎಂದವರು ಪುರಸಭೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹನ್ನೆರಡಕ್ಕೆ ಸೈರನ್ನಪ್ಪ ತಾರಸಿ ಹತ್ತಿ ಹಿಡಿಕೆಗೆ ಕೈ ಹಾಕಿದ. ಮೊದಲ ಸುತ್ತುಗಳು ಹೇಗೋ ಆದವು, ಸದ್ದು ಏರಿತು. ಅಷ್ಟರಲ್ಲಿ ಭುಜದಲ್ಲಿ ಚಳಕು ಹೊಡೆಯಿತು. ಕೈ ನಿಧಾನವಾಯಿತು, ಸದ್ದು ಇಳಿಯಿತು. ಎಡಗೈ ಕೊಟ್ಟ, ಸದ್ದು ಮತ್ತೆ ಏರಿತು. ಎಡಗೈಗೆ ಅಭ್ಯಾಸವಿರಲಿಲ್ಲ, ಮತ್ತೆ ಇಳಿಯಿತು. ಹಲ್ಲು ಕಚ್ಚಿ ಎರಡೂ ಕೈ ಹಾಕಿದ. ಇನ್ನೊಮ್ಮೆ ಏರಿತು, ಇನ್ನೊಮ್ಮೆ ಇಳಿಯಿತು. ನೋವಿನಲ್ಲಿ ಅವನಿಗೆ ತನ್ನ ನರಳಾಟ ಕೇಳಿಸುತ್ತಿತ್ತೇ ಹೊರತು ಸೈರನ್ನಿನದು ಕೇಳಿಸಲಿಲ್ಲ.

ಬೆವರು ಒರೆಸಿಕೊಂಡು ಕೆಳಗೆ ನೋಡುತ್ತಾನೆ, ಸ್ಕೂಲಿನ ಮುಂದಿನ ಸಾಲೇ ಇಲ್ಲ! ಜನ ಕಾಂಪೌಂಡ್ ಗೋಡೆಯ ಬುಡದಲ್ಲಿ ಬೋರಲು ಬಿದ್ದಿದ್ದಾರೆ. "ಸೋಮವಾರದ್ದು ಅಲ್ವಾ ಮೇಷ್ಟ್ರೇ?" ಎಂದು ಯಾರೋ ತಲೆ ಎತ್ತಿದರು. "ಏರಿಳಿತ ಕೇಳಿಸ್ಲಿಲ್ವೇನೋ ದಡ್ಡ! ಕಿವಿ ಮುಚ್ಚು, ಬಾಯಿ ತೆರಿ, ಮಲಕ್ಕೋ!" ಎಂದು ಡ್ರಿಲ್ ಮೇಷ್ಟ್ರು ಗುಡುಗಿದರು. ಈ ದಿನಕ್ಕಾಗಿ ಅವರು ಇಡೀ ಜನ್ಮ ಕಾದಿದ್ದವರ ಹಾಗೆ ಕಂಡರು.

ಏನಾಯಿತೆಂದು ಸೈರನ್ನಪ್ಪನಿಗೆ ಈಗ ಅರ್ಥವಾಯಿತು. ಅಪಾಯವಿಲ್ಲ ಎಂದು ಊರಿಗೆ ತಿಳಿಸಲು ಇದ್ದದ್ದು ಒಂದೇ ದಾರಿ, ಒಂದೇ ಮಟ್ಟದಲ್ಲಿ ಉದ್ದಕ್ಕೆ ಕೂಗಿಸುವುದು. ಮತ್ತೆ ಹಿಡಿಕೆಗೆ ಜೋತುಬಿದ್ದ. ಭುಜ ಮತ್ತೆ ಕೈಕೊಟ್ಟಿತು. ಊರು ಎರಡನೇ ಸಲ ಏರಿಳಿತ ಕೇಳಿತು. ಗೋಡೆಯ ಬುಡದಲ್ಲಿ ಮಕ್ಕಳು ಅಳತೊಡಗಿದವು.

ಬಿದ್ದು ಎದ್ದು ಕೆಳಗಿಳಿದು ಬಂದರೆ ಹೆಡ್ ಕ್ಲಾರ್ಕ್ ಆಗಲೇ ಫೋನು ಕೆಳಗಿಡುತ್ತಿದ್ದರು.

"ಸಾರ್, ಅದು ನನ್ನ ಭುಜ ಸಾರ್! ಅಪಾಯ ಏನೂ ಇಲ್ಲ!"

"ಸೈರನ್ ಆದ್ರೆ ಮೇಲಿನವರಿಗೆ ತಿಳಿಸಬೇಕು ಅಂತ ಆದೇಶ ಇದೆ, ತಿಳಿಸಿದೆ. ಒಂದೇ ಮಟ್ಟನಾ, ಏರಿಳಿತನಾ ಅಂತ ಕೇಳಿದ್ರು. ಏರಿಳಿತ ಅಂದೆ. ತಕ್ಷಣ ಇಟ್ಟುಬಿಟ್ರು."

"ಮತ್ತೆ ಫೋನ್ ಮಾಡಿ, ತಪ್ಪಾಯ್ತು ಅಂತ ಹೇಳಿ!"

"ಮಾಡ್ತಾನೇ ಇದ್ದೀನಿ. ಈಗ ಬರೀ ಎಂಗೇಜು."

ಸೈರನ್ನಪ್ಪ ಬೀದಿಗೆ ಓಡಿದ. ಜನ ಮೈಮೇಲಿನ ಮಣ್ಣು ಕೊಡವಿಕೊಂಡು ಏಳುತ್ತಿದ್ದರು. "ಏನೂ ಇಲ್ಲ ಕಣ್ರಪ್ಪಾ! ನನ್ನ ಭುಜ ಉಳುಕಿತ್ತು, ಅದಕ್ಕೇ ಹಾಗೆ ಕೂಗ್ತು!" ಎಂದು ಕಂಡಕಂಡವರಿಗೆಲ್ಲ ಹೇಳಿದ.

ಡ್ರಿಲ್ ಮೇಷ್ಟ್ರು ಅವನ ಬೆನ್ನು ತಟ್ಟಿದರು. ಅದೂ ಬಲಭುಜದ ಮೇಲೆ. "ಭೇಷ್! ಜನ ಗಾಬರಿ ಆಗಬಾರದು ಅಂತ ಹೀಗೇ ಹೇಳಬೇಕು. ನಾನೇ ಕಲಿಸಿದ್ದಲ್ವೇ?"

"ಅಯ್ಯೋ, ವಿಮಾನ ಎಲ್ಲಿ ಬಂತು ಮೇಷ್ಟ್ರೇ?"

"ಬರಲಿಲ್ಲ ಅಂದ್ರೆ ಸೈರನ್ ಕೆಲಸ ಮಾಡ್ತು ಅಂತ ಅರ್ಥ."

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನರಿಗೆ ಈ ತರ್ಕ ಬೇಕಾದಷ್ಟಾಯಿತು. ಗುರಾಣಿ ಪಕ್ಷದ ಮೇಜಿನ ಹಿಂದೆ ಕೂತಿದ್ದ ಹಾರ್ಡ್‌ವೇರ್ ಅಂಗಡಿಯವನು ಎದ್ದು ಬಂದು ಸೈರನ್ನಪ್ಪನನ್ನು ಬಾಚಿ ತಬ್ಬಿಕೊಂಡ. "ಇವನ ಮಗ ಎಲ್ಲಿರೋದು? ಗಡೀಲಿ! ಮಗ ಹೇಳದೆ ಅಪ್ಪ ಸುಮ್ಮನೆ ಕೂಗಿಸ್ತಾನಾ? ಪಾಪ, ಬಾಯಿ ಬಿಡೋ ಹಾಗಿಲ್ಲ ಅವನು."

"ಮಗನ ಹೆಸರು ಎತ್ತಬೇಡಿ ಅಣ್ಣಾ, ಕೈ ಮುಗೀತೀನಿ. ಅವನು ಏನೂ ಹೇಳಿಲ್ಲ."

"ನೋಡಿದ್ರಾ? ಬಾಯೇ ಬಿಡ್ತಾ ಇಲ್ಲ!"

ಇನ್ನೊಂದು ಮೇಜಿನಲ್ಲಿ ಸೇತುವೆ ಪಕ್ಷದ ಪರವಾಗಿ ಕೂತಿದ್ದವನು ದರ್ಜಿ. ಸೈರನ್ನಪ್ಪನ ಮಗನ ಮೊದಲ ಸ್ಕೂಲ್ ಚಡ್ಡಿ ಹೊಲಿದವನು. ಅವನು ಮುಖ ಕೊಟ್ಟು ಮಾತಾಡಲಿಲ್ಲ. "ಯಾರು ಹೇಳಿಕೊಟ್ರು ನಿಂಗೆ? ಇಷ್ಟು ವರ್ಷ ನೆಟ್ಟಗೆ ಕೂಗ್ತಿದ್ದ ಸೈರನ್ನು ಇವತ್ತೇ ಸೊಟ್ಟಗೆ ಕೂಗಬೇಕಾ?" ಅಂದ. ಸೈರನ್ನಪ್ಪ ಮಂಚದ ಕತೆಯನ್ನು ಮೊದಲಿಂದ ಹೇಳಿದ. ದರ್ಜಿ ಅಳತೆ ಟೇಪು ಸುತ್ತುತ್ತಾ ಕೇಳಿ, "ಮಂಚ ಅಂತೆ" ಎಂದ. ಸೈರನ್ನಪ್ಪನಿಗೆ ಭುಜಕ್ಕಿಂತ ಹೆಚ್ಚು ನೋವಾದದ್ದು ಆ ಒಂದು ಮಾತಿನಿಂದ.

ಸಾಲು ಮತ್ತೆ ಕೂಡಿತು. ಬೆಳಿಗ್ಗೆ ಅದರಲ್ಲಿ ನಗು, ಹರಟೆ, ಬೈಗುಳ ಎಲ್ಲವೂ ಇದ್ದವು. ಈಗ ಯಾರೂ ಮಾತಾಡುತ್ತಿರಲಿಲ್ಲ. ಆಗಾಗ ಆಕಾಶ ನೋಡುತ್ತಿದ್ದರು. ತುಂಬು ಬಸುರಿ ಸೊಸೆಯ ಕೈ ಹಿಡಿದುಕೊಂಡು ನಿಂತಿದ್ದ ಒಬ್ಬ ಅತ್ತೆ, ಬೆಳಿಗ್ಗೆಯಿಂದ ಡಾಕ್ಟರು ಡಾಕ್ಟರು ಎಂದು ಊರು ಒಂದು ಮಾಡಿದವಳು, ಸೈರನ್ನಪ್ಪನನ್ನು ಹತ್ತಿರ ಕರೆದಳು. "ನೀನು ಒಳ್ಳೇ ಕೆಲಸ ಮಾಡಿದೆ ಕಣಪ್ಪ. ಡಾಕ್ಟರು ಆಮೇಲೆ ಬರಲಿ. ಮೊದಲು ನಾವು ಉಳಿಯೋಣ."

"ಅಮ್ಮಾ, ನನ್ನ ಮಾತು ನಂಬಿ. ಬರೀ ಭುಜ."

"ಆಯ್ತಪ್ಪ ಆಯ್ತು," ಎಂದು ಆಕೆ ಮಗುವನ್ನು ಸಮಾಧಾನ ಮಾಡುವ ಹಾಗೆ ಅವನ ಕೈ ಸವರಿದಳು. ಸೊಸೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಸೈರನ್ನಪ್ಪನಿಗೆ ನಾಚಿಕೆಯಾಯಿತು. ಒಬ್ಬ ಮನುಷ್ಯ ಸುಳ್ಳು ಹೇಳಿದರೆ ಕೇಳುವವರಿರುತ್ತಾರೆ, ನಿಜ ಹೇಳಿದರೆ ಸಮಾಧಾನ ಮಾಡುವವರು ಮಾತ್ರ ಸಿಗುತ್ತಾರೆ ಎಂದುಕೊಂಡು ಸಂಜೆಯ ಹೊತ್ತಿಗೆ ಮನೆಯ ದಾರಿ ಹಿಡಿದ.

ಹೆಂಡತಿ ವೋಟಿಗೆ ಹೊರಡಲು ಸಿದ್ಧಳಾಗಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಫೋನಿತ್ತು.

"ಮಗ. ಮಾತಾಡಿ."

"ಅಪ್ಪಾ," ಎಂದಿತು ಆ ಕಡೆಯ ಧ್ವನಿ. ಹಿಂದೆ ಲಾರಿಗಳ ಸದ್ದು, ಯಾರೋ ಕೂಗಿ ಹೆಸರು ಕರೆಯುವ ಸದ್ದು. "ರಜೆ ರದ್ದಾಯ್ತು ಅಪ್ಪಾ. ನಂದೊಂದೇ ಅಲ್ಲ, ಎಲ್ಲರದೂ. ಮುಂದಿನ ಠಾಣೆಗೆ ಹೊರಟಿದ್ದೀವಿ."

"ಯಾಕೋ? ಏನಾಯ್ತು?"

"ನಮಗ್ಯಾರು ಹೇಳ್ತಾರೆ? ಎಲ್ಲೋ ಒಂದು ಊರಲ್ಲಿ ಸೈರನ್ ಕೂಗ್ತಂತೆ, ಎರಡು ಸಲ. ನೀವು ಹುಷಾರಾಗಿರಿ ಅಪ್ಪಾ. ಅಮ್ಮನ್ನ ಒಬ್ಬಳನ್ನೇ ಬಿಡಬೇಡಿ."

ಅದು ನಾನು ಕಣೋ, ನಿನ್ನಪ್ಪ, ಎಂದು ಹೇಳಲು ಸೈರನ್ನಪ್ಪ ಬಾಯಿ ತೆರೆದ. ಅಷ್ಟರಲ್ಲಿ ಫೋನು ಕಡಿದುಹೋಯಿತು. ತಿರುಗಿ ಮಾಡಿದರೆ ಸಿಗಲಿಲ್ಲ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಎಂದುಕೊಂಡ. ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು. ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ಬೂತ್ ಬಾಗಿಲು ಮುಚ್ಚಿಬಿಡ್ತಾರೆ. ಈಗಂತೂ ಮಾತಾಡೋರೇ ಬೇಕು," ಅಂದಳು.

ಸ್ಕೂಲಿನಲ್ಲಿ ಕೊನೆಯ ನಾಲ್ಕಾರು ಜನ ಉಳಿದಿದ್ದರು. ಹೆಂಡತಿ ಮೊದಲು ಹೋಗಿ ಬಂದಳು. ಸೈರನ್ನಪ್ಪ ರಟ್ಟಿನ ಮರೆಯ ಹಿಂದೆ ನಿಂತ. ಎರಡು ಗುರುತು, ಎರಡು ಗುಂಡಿ. ಬಲಗೈ ಏಳಲಿಲ್ಲ, ಎಡಗೈ ಎತ್ತಿದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮುಂದಿನ ಠಾಣೆ ಎಂದರೆ ಎಷ್ಟು ಮುಂದೆ? ಅಷ್ಟೊಂದು ಲಾರಿಗಳನ್ನು ಸುಮ್ಮಸುಮ್ಮನೆ ಹೊರಡಿಸುತ್ತಾರೆಯೇ? ಅವರಿಗೆ ಬೇರೆ ಏನಾದರೂ ತಿಳಿದಿರಬಹುದಲ್ಲವೇ? "ಏನಪ್ಪಾ, ಆಯ್ತಾ?" ಎಂದು ಅಧಿಕಾರಿ ಕೇಳಿದಾಗ ಬೆಚ್ಚಿಬಿದ್ದು ಒತ್ತಿದ. ಯಂತ್ರ ಕೀಂ ಎಂದಿತು.

ಗಂಡ ಹೆಂಡತಿ ಮನೆಯ ಕಡೆ ನಡೆದರು. ಹಾರ್ಡ್‌ವೇರ್ ಅಂಗಡಿಯ ಮುಂದೆ ಆಗಲೇ ಜೈಕಾರ ಶುರುವಾಗಿತ್ತು. ದರ್ಜಿ ತನ್ನ ಮೇಜು ಮಡಿಸಿ ಹೊತ್ತುಕೊಂಡು ಹೋಗುತ್ತಿದ್ದ.

"ಹೋಗ್ಲಿ ಬಿಡಿ," ಎಂದಳು ಹೆಂಡತಿ. "ಸೈರನ್ ಯಾಕೆ ಹಾಗೆ ಕೂಗ್ತು ಅಂತ ಈ ಊರಲ್ಲಿ ಸರಿಯಾಗಿ ಗೊತ್ತಿರೋರು ನಾವಿಬ್ಬರೇ. ಊರೆಲ್ಲ ಹೆದರಿ ಹಾಕಿದ್ರೂ ನಮ್ಮ ಎರಡು ವೋಟಾದ್ರೂ ತಿಳಿದು ಬಿದ್ದವಲ್ಲ."

ಸೈರನ್ನಪ್ಪ ನಾಲ್ಕು ಹೆಜ್ಜೆ ನಡೆದು ನಿಂತ.

"ಎರಡಲ್ಲ ಕಣೇ," ಎಂದ. "ಒಂದೇ."

ಅವಳು ತಿರುಗಿ ನೋಡಿದಳು.

"ಭಯ ಆಯ್ತು."