ಹುಣಸೆಹಣ್ಣಿನ ಕೈಯಲ್ಲಿ ಸಮಾಜಶಾಸ್ತ್ರ

ಪುಸ್ತಕ ಬಿಚ್ಚಿಟ್ಟುಕೊಂಡು ಯಾರು ಬೇಕಾದರೂ ಓದುತ್ತಾರೆ. ಮುಚ್ಚಿದ ಮೇಲೆ ತಲೆಯಲ್ಲಿ ಏನು ಉಳಿಯಿತು ಅನ್ನುವುದೇ ಓದು. ಹೀಗೆ ಹೇಳುವ ನಾನು ಕಂಡದ್ದು ಎರಡನೇ ಕ್ಲಾಸು. ಈಗಲೂ ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ 'ಮಧುಗಿರಿ' ಅನ್ನುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಆದರೆ ಬುದ್ಧಿ ಹೇಳುವುದಕ್ಕೆ ಅಕ್ಷರ ಯಾಕೆ? ಅತ್ತೆಯಾದರೆ ಸಾಕು.

ನನ್ನ ಸೊಸೆ ರತ್ನ ಪಿಯುಸಿಯಲ್ಲಿ ಸಮಾಜಶಾಸ್ತ್ರ ಒಂದರಲ್ಲಿ ಫೇಲಾಗಿ, ಮದುವೆಯಾಗಿ ಬಂದವಳು. ಊರಿನ ಅಂಗನವಾಡಿ ಟೀಚರು ರಿಟೈರಾಗುತ್ತಾರೆ, ಆ ಕೆಲಸಕ್ಕೆ ಪಿಯುಸಿ ಪಾಸಾಗಿರಬೇಕು ಎಂದು ಸುದ್ದಿ ಬಂತು. ಮನೆ ಬಾಗಿಲಿನ ಕೆಲಸ. ಇದು ತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ಅವಳಿಗೂ ನನ್ನ ವಯಸ್ಸಾಗಿರುತ್ತದೆ. ಹಟ ಹಿಡಿದು ಪರೀಕ್ಷೆ ಕಟ್ಟಿದಳು. ಅವಳು ಓದುವ ಪರಿ ನೋಡಬೇಕಿತ್ತು! ಮುಖ್ಯವಾದದ್ದಕ್ಕೆ ಗೆರೆ ಹಾಕುತ್ತೇನೆಂದು ಶುರು ಮಾಡಿ ಇಡೀ ಪುಸ್ತಕಕ್ಕೆ ಗೆರೆ ಎಳೆದಳು. ತಪ್ಪಿಸಿಕೊಂಡದ್ದು ಪುಟದ ನಂಬರು ಮಾತ್ರ. ಆಮೇಲೆ ಕಣ್ಣುಮುಚ್ಚಿ ಗಟ್ಟಿಯಾಗಿ ಬಾಯಿಪಾಠ. ನಡುವೆ "ಹಾಲು ಉಕ್ತಾ ಐತೆ ಕಣೆ" ಅಂದರೆ ಮುಗಿಯಿತು, ಮತ್ತೆ ಮೊದಲಿಂದ ಶುರು. ಆ ಬೇಸಿಗೆಯಲ್ಲಿ ನಮಗಿಂತ ಒಲೆಯೇ ಹೆಚ್ಚು ಹಾಲು ಕುಡಿಯಿತು.

ಅಷ್ಟರಲ್ಲಿ ಹುಣಸೆಹಣ್ಣು ಬಂತು. ನಮ್ಮ ಕಡೆ ಹಣ್ಣು ಕುಟ್ಟಿ ಬೀಜ ಬಿಡಿಸುವುದಕ್ಕೆ ಹೆಂಗಸರೆಲ್ಲ ಒಬ್ಬರ ಜಗಲಿಯಲ್ಲಿ ಸೇರುತ್ತಾರೆ. ಅಂಟು ಕೈಯಲ್ಲಿ ಪುಸ್ತಕ ಮುಟ್ಟುವ ಹಾಗಿಲ್ಲ. ರತ್ನ ಅಳುಮೋರೆ ಹಾಕಿಕೊಂಡು ಕೂತಳು.

"ಓದಿದ್ದನ್ನ ಬಾಯಲ್ಲಿ ಹೇಳೇ, ನಮಗೂ ಹೊತ್ತು ಹೋಯ್ತದೆ," ಅಂದೆ.

"ಅವಿಭಕ್ತ ಕುಟುಂಬದ ಅನನುಕೂಲಗಳು..." ಅಂದವಳಿಗೆ ಮುಂದಿನದು ಮರೆತುಹೋಯಿತು.

"ಅಂಗಂದ್ರೇನಮ್ಮಿ?" ಪಕ್ಕದ ಮನೆಯ ಗಂಗಕ್ಕ ಕೇಳಿದಳು.

"ಎಲ್ಲಾ ಒಟ್ಟಿಗೆ ಒಂದೇ ಮನೇಲಿದ್ರೆ ಆಗೋ ತೊಂದ್ರೆ ಕಣಕ್ಕ. ಒಂದೂ ತಲೇಲಿ ನಿಲ್ತಿಲ್ಲ."

"ಬರೀ ಬಾಯಿಪಾಠ ಮಾಡ್ಬುಟ್ರೆ ಹೆಂಗ್ ನಿಲ್ತದೆ? ಒಂದೊಂದಕ್ಕೂ ಕಣ್ಣಾರೆ ಕಂಡಿದ್ದನ್ನ ಗಂಟು ಹಾಕು," ಅಂದೆ. ಅಲ್ಲಿಗೇ ನಾನು ಕೆಟ್ಟೆ.

ರತ್ನಳ ಕೈ ಚುರುಕಾಯಿತು, ಬಾಯಿ ಅದಕ್ಕಿಂತ ಚುರುಕು. "ಸ್ವಾತಂತ್ರ್ಯ ಇರಲ್ಲ. ಗೊರವನಹಳ್ಳಿ ಗುಡಿಗೆ ಹೋಗ್ಬೇಕಂದ್ರೂ ಅತ್ತೇನ ಕೇಳ್ಬೇಕು. ಗುಟ್ಟು ಅನ್ನೋದೇ ಇರಲ್ಲ. ನಾನು ಫೋನ್ ಎತ್ತಿದ್ರೆ ಅತ್ತೆ ಪೊರಕೆ ನಿಲ್ಸಿ ಕಿವಿ ಕೊಡ್ತಾರೆ. ಹಿರೀರ ದರ್ಬಾರು. ಸಾರಿಗೆ ಉಪ್ಪು ಹಾಕೋಳು ನಾನು, ಇನ್ನೊಂದ್ಸಲ ಹಾಕೋರು ಅತ್ತೆ!"

ಜಗಲಿಯೆಲ್ಲ ನಗು. "ಲೇ ರತ್ನಿ, ಇನ್ನೊಂದು ಹೇಳೇ!" ಗಂಗಕ್ಕ ಕೈಯಲ್ಲಿದ್ದ ಹಣ್ಣನ್ನೇ ಮರೆತಿದ್ದಳು.

"ಅನುಕೂಲಾನೂ ಬರ್ದವ್ರೇನೇ ಅದ್ರಲ್ಲಿ?" ಎಂದು ಕೇಳಿದೆ.

"ಬರ್ದವ್ರೆ ಅತ್ತೆ. ಅದು ನಾಳೆಗೆ."

ಮಾರನೆಯ ದಿನ ಹೆಂಗಸರು ಕರೆಯದೆಯೇ ಬಂದರು. ಹಣ್ಣು ಮುಗಿಯುವಷ್ಟರಲ್ಲಿ ಪುಸ್ತಕವೂ ಮುಗಿಯಿತು. ಆ ಅನುಕೂಲಗಳ ಭಾಗ ಮಾತ್ರ ಕೊನೆಯವರೆಗೂ ಅವಳ ತಲೆಗೆ ಹತ್ತಲಿಲ್ಲ, ಉದಾಹರಣೆ ಸಿಗಲಿಲ್ಲವಂತೆ.

ಪರೀಕ್ಷೆ ಬರೆದು ಬಸ್ಸಿಳಿದವಳು ಓಡಿಬಂದಳು. "ಅತ್ತೆ, ಅನನುಕೂಲದ್ದೇ ಕೇಳವ್ರೆ! ನಿಮ್ಮನ್ನ ನೆನೆಸ್ಕೊಂಡೆ, ತಾನಾಗೇ ಬಂತು."

ಪಾಸಾದಳು. ಅಂಗನವಾಡಿ ಕೆಲಸವೂ ಸಿಕ್ಕಿತು. ಸಾರಿಗೆ ಎರಡು ಸಲವೂ ಉಪ್ಪು ಹಾಕುವವಳು ಈಗ ನಾನೇ. ಸೊಸೆಗೆ ಪಾಠ ಹೇಳಿಕೊಟ್ಟು ಪಾಸು ಮಾಡಿಸಿದೆ ಎಂದು ನೆಂಟರ ಹತ್ತಿರ ಜಂಬ ಕೊಚ್ಚುವ ಆಸೆ ಬಹಳ ಇದೆ. ಯಾವ ಪಾಠ ಎಂದು ಕೇಳಿಬಿಟ್ಟಾರು ಅಂತ ಸುಮ್ಮನಿದ್ದೇನೆ.